ಕಬ್ಬಿಣ ಸೋಕದ ಗೊರಸು

ಎತ್ತು ಮುಂದಿನ ಬಲಗಾಲನ್ನು ನೆಲಕ್ಕೆ ಊರದೆ ಎತ್ತಿ ಹಿಡಿದುಕೊಂಡು ನಿಂತ ಬೆಳಿಗ್ಗೆಯಿಂದ ನನಗೆ ಒಂದು ತುತ್ತು ನೆಟ್ಟಗೆ ಗಂಟಲಲ್ಲಿ ಇಳಿಯಲಿಲ್ಲ. ಸಗಣಿ ಬಾಚೋಕೆ ಅಂತ ಹಿತ್ತಲಿಗೆ ಹೋಗಿದ್ದೆ. ಮಂಕರಿ ಅಲ್ಲೇ ಬಿಸಾಕಿ, "ರೀ, ಬನ್ರೀ ಇಲ್ಲಿ! ಅಪ್ಪಯ್ಯ ಕಾಲು ಊರ್ತಾ ಇಲ್ಲ" ಅಂತ ಕೂಗಿದೆ. ನಮ್ಮ ಯಜಮಾನರು ಬಂದರು, ನೋಡಿದರು, ಎತ್ತಿಗೆ ಕೈ ಮುಗಿದರು. "ಏನೋ ಮುಳ್ಳು ಚುಚ್ಚಿರ್ಬೇಕು. ಸರಿಹೋಯ್ತದೆ ಬುಡು" ಅಂದು ಗುಡಿಗೆ ಹೊರಟೇ ಹೋದರು. ಮುಳ್ಳಂತೆ ಮುಳ್ಳು! ಹಿತ್ತಲಲ್ಲಿ ಹರವಿದ್ದ ಕೆರೆ ಮರಳಿನಲ್ಲಿ ಮುಳ್ಳು ಎಲ್ಲಿಂದ ಬರಬೇಕು?

ಅಪ್ಪಯ್ಯ ಅಂತ ನಾವು ಕರೀತಿದ್ದದ್ದು ದೇವರೆತ್ತನ್ನ. ನಿಡುಗಲ್ ಕಡೆಯ ನಮ್ಮೂರಲ್ಲಿ ಒಂದು ಗಂಡುಕರುವನ್ನು ದೇವರ ಹೆಸರಿಗೆ ಬಿಟ್ಟುಬಿಡೋದು ಹಿಂದಿನಿಂದ ನಡೆದು ಬಂದಿರೋದು. ಅದರ ಹೆಗಲಿಗೆ ನೊಗ ಇಡೋ ಹಾಗಿಲ್ಲ, ಮೂಗು ಚುಚ್ಚೋ ಹಾಗಿಲ್ಲ, ಕೋಲು ಎತ್ತೋ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅದರ ಮೈಗೆ ಕಬ್ಬಿಣ ಸೋಕಬಾರದು. ಗುಡಿಯ ಪೂಜೆ ನಮ್ಮ ಯಜಮಾನರದ್ದು, ಹಾಗಾಗಿ ಎತ್ತನ್ನು ನೋಡಿಕೊಳ್ಳೋದೂ ನಮ್ಮ ಮನೆ ಪಾಲಿಗೆ ಬಂದಿತ್ತು. ಪೂಜೆ ಅವರದು, ಸಗಣಿ ನನ್ನದು.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅದು ಹಿಂಡಿನ ಜೊತೆ ಗುಡ್ಡ ಹತ್ತಿ ಮೇಯ್ದು ಬರೋದು. ಬಂಡೆ, ಗೊರಚುಕಲ್ಲು ತುಳಿದೂ ತುಳಿದೂ ಗೊರಸು ತಾನಾಗೇ ಸವೆಯೋದು. ಆಮೇಲೆ ಗುಡ್ಡದ ಬುಡದ ತನಕ ಸೋಲಾರ್ ತಗಡು, ತಂತಿಬೇಲಿ ಬಂತು. ಮೇಯೋ ಜಾಗ ಇಲ್ಲದೆ ಊರವರು ದನ ಮಾರಿಕೊಂಡರು. ಉಳಿದದ್ದು ಇದೊಂದೇ. ಉಳಿದದ್ದು ಒಂದೇ ಅಂತ ಊರಿಗೆ ಭಕ್ತಿ ಉಕ್ಕಿ ಹರೀತು. ರಸ್ತೆಗೆ ಬಿಟ್ಟರೆ ಲಾರಿ ಗುದ್ದೀತು ಅಂತ ನಮ್ಮ ಹಿತ್ತಲಲ್ಲೇ ಇಟ್ಟರು. ದೇವರ ಕಾಲು ನೋಯಬಾರದು ಅಂತ ಟ್ರ್ಯಾಕ್ಟರಿನಲ್ಲಿ ಮರಳು ತಂದು ಸುರಿದರು, ಮೇಲೆ ಹುಲ್ಲು ಹಾಸಿದರು. ಬಂದವರೆಲ್ಲ ಅಕ್ಕಿ, ಬೆಲ್ಲ, ಬಾಳೆಹಣ್ಣು ತಿನ್ನಿಸೋರು, ಕಾಲಿಗೆ ಅರಿಶಿನ ಹಚ್ಚೋರು. ಗೊರಸು ಮಾತ್ರ ತನ್ನ ಪಾಡಿಗೆ ಬೆಳೀತಾ ಹೋಯ್ತು. ಎರಡು ಹೋಳೂ ಉದ್ದಕ್ಕೆ ಬೆಳೆದು, ತುದಿ ಮೇಲಕ್ಕೆ ಸುತ್ತಿಕೊಂಡು, ಒಂದರ ಮೇಲೊಂದು ಹತ್ತಿದ್ದವು. ಅದನ್ನು ನೋಡಿ ನಮ್ಮತ್ತೆ, "ನೋಡು, ಅಪ್ಪಯ್ಯನ ಪಾದ ಹೆಂಗೆ ಪದ್ಮದಂಗೆ ಅರಳೈತೆ" ಅನ್ನೋರು. ನನಗೆ ಮೈಯೆಲ್ಲ ಉರಿಯೋದು.

ಯಾಕೆಂದರೆ ನಾನು ಹುಟ್ಟಿದ್ದು ಕೊರಟಗೆರೆ ಸೀಮೆಯಲ್ಲಿ, ಚನ್ನರಾಯನದುರ್ಗದ ಹತ್ತಿರ. ನಮ್ಮಪ್ಪ ಗಾಡಿ ಎತ್ತು ಕಟ್ಟಿದ್ದೋರು. ಲಾಳ ಕಟ್ಟಿಸೋಕೆ ಹೋಗುವಾಗ ನನ್ನನ್ನೂ ಗಾಡಿಯಲ್ಲಿ ಕೂರಿಸಿಕೊಳ್ಳೋರು. ದಾರಿಯಲ್ಲೇ ಲಾಳ ಕಟ್ಟೋರು ಇಬ್ಬರು ಸಿಗೋರು, ಅವರನ್ನು ದಾಟಿ ಮುಂದಿನ ಊರಿಗೇ ಹೋಗೋರು. "ಯಾಕಪ್ಪಾ ಅಷ್ಟು ದೂರ?" ಅಂದರೆ, "ಇವರು ಎತ್ತು ಕಂಡ ತಕ್ಷಣ ಹಗ್ಗ ತಗೋತಾರೆ ಕಣಮ್ಮ. ಅವನು ಮೊದಲು ನಡೆಸಿ ನೋಡ್ತಾನೆ" ಅನ್ನೋರು. ಹೌದು, ಆ ಮನುಷ್ಯ ಎತ್ತನ್ನು ಹಿಂದೆ ಮುಂದೆ ನಡೆಸಿ, ಯಾವ ಕಾಲು ಹೆಂಗೆ ಬೀಳ್ತದೆ ಅಂತ ನೋಡದೆ ಹಗ್ಗ ಹಾಕಿ ಕೆಡವುತ್ತಾ ಇರಲಿಲ್ಲ. ಗೊರಸಿಗೆ ತಕ್ಕ ಹಾಗೆ ಲಾಳ ಬಗ್ಗಿಸೋನೇ ಹೊರತು ಲಾಳಕ್ಕೆ ತಕ್ಕ ಹಾಗೆ ಗೊರಸು ಕೆತ್ತುತ್ತಿರಲಿಲ್ಲ. ಅಷ್ಟು ನೋಡಿ ಬೆಳೆದೋಳು ನಾನು. ಗೊರಸು ಕೆತ್ತಿಸಬೇಕು ಅಂತ ಮದುವೆಯಾದ ಮನೆಯಲ್ಲಿ ಎಷ್ಟು ಸಲ ಬಾಯಿ ಬಡಕೊಂಡೆ. ಪ್ರತಿ ಸಲವೂ ನಮ್ಮತ್ತೆಯದು ಒಂದೇ ಮಾತು, ಸಿಟ್ಟು ಬಂದಾಗ ಬರೋ ತೆಲುಗಿನಲ್ಲಿ: "ಏಮ್ಮಾ, ದೇವುಡಿಕಿ ಇನುಮು ತಗಿಲಿಸ್ತಾವಾ?" ದೇವರಿಗೇ ಕಬ್ಬಿಣ ಮುಟ್ಟಿಸ್ತೀಯೇನೇ ಅಂತ.

ಈಗ ಕಾಲು ಎತ್ತಿ ನಿಂತಿತ್ತಲ್ಲ. ಎರಡು ದಿನ ಕಳೆಯೋದರೊಳಗೆ ಗೊರಸಿನ ಮೇಲ್ಭಾಗ ಬಾತುಕೊಂಡು ಕೆಂಪಗಾಯ್ತು. ಮೇವು ಬಿಟ್ಟಿತು. ಪಶು ಡಾಕ್ಟರನ್ನ ಕರೆಸಿದೆ. ಅವರು ಸಿರಿಂಜ್ ತೆಗೆದದ್ದೇ ತಡ, ನಮ್ಮತ್ತೆ ಅಡ್ಡ ನಿಂತುಬಿಟ್ಟರು. ಡಾಕ್ಟರಿಗೂ ಇವೆಲ್ಲ ಅಭ್ಯಾಸ ಆಗಿತ್ತು ಅಂತ ಕಾಣ್ತದೆ. "ಅಜ್ಜೀ, ಇದು ಸ್ಟೀಲು, ಕಬ್ಬಿಣ ಅಲ್ಲ. ನಿಮ್ಮ ಊಟದ ತಟ್ಟೆ ಇದೆಯಲ್ಲ, ಅದೇ ಇದು" ಅಂದರು. ಅತ್ತೆ ಯೋಚನೆ ಮಾಡಿ ದಾರಿ ಬಿಟ್ಟರು. ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ ನನಗೆ. ಇಂಜೆಕ್ಷನ್ ಹಾಕಿ ಡಾಕ್ಟರು ನನ್ನನ್ನ ಪಕ್ಕಕ್ಕೆ ಕರೆದರು. "ಒಳಗೆ ಕೀವು ಕಟ್ಟಿದೆ ಅಮ್ಮ. ಔಷಧಿಯಿಂದ ನೋವು ಸ್ವಲ್ಪ ತಗ್ಗಬಹುದು ಅಷ್ಟೇ. ಗೊರಸು ಕೆತ್ತಿ ಕೀವು ಬಿಡಬೇಕು. ಅದಕ್ಕೆ ಕೈ ಪಳಗಿದ ಲಾಳದವರು ಬೇಕು. ತಡ ಮಾಡಿದರೆ ಮೂಳೆಗೆ ಇಳೀತದೆ. ಆಮೇಲೆ ಮಲಗಿದರೆ ಏಳಲ್ಲ" ಅಂದರು.

ಮಧುಗಿರಿಯಲ್ಲಿ ಒಬ್ಬರಿದ್ದಾರೆ, ಭಾರಿ ಹೆಸರು ಅಂತ ಯಾರೋ ಹೇಳಿದರು. ಮಾರನೇ ದಿನ ಯಜಮಾನರಿಗೆ ತವರಿಗೆ ಹೋಗಿ ಬರ್ತೀನಿ ಅಂತ ಹೇಳಿ ಬಸ್ಸು ಹತ್ತಿದೆ. ಹುಣಸೇಮರದ ಕೆಳಗೆ ಎತ್ತುಗಳ ಸಾಲೇ ಇತ್ತು. ಒಳ್ಳೆ ಜಾಗಕ್ಕೇ ಬಂದೆ ಅಂದುಕೊಂಡೆ. ಕೂತು ನೋಡಿದೆ. ಲಾಳದವನು ಹಗ್ಗ ಹಾಕಿ ಎಳೆದ, ಎತ್ತು ದೊಪ್ ಅಂತ ಬಿತ್ತು, ನಾಲ್ಕು ಕಾಲೂ ಕಟ್ಟಿದ. ಗೊರಸನ್ನ ಉಳಿಯಲ್ಲಿ ಚಕಚಕ ಕೆತ್ತಿದ, ಲಾಳ ಇಟ್ಟ, ಮೊಳೆ ಹೊಡೆದ. ಒಂದು ಮೊಳೆ ಹೋಗುವಾಗ ಎತ್ತು ಮೈ ಜಾಡಿಸಿತು. ಆ ಮೊಳೆ ಗೊರಸಿನೊಳಗಿನ ಜೀವಮಾಂಸಕ್ಕೆ ತಾಗಿದೆ ಅಂತ ನನಗೇ ಗೊತ್ತಾಯ್ತು. ಅವನು ಫೋನಿನಲ್ಲಿ ಮಾತಾಡ್ತಾ ಮುಂದಿನ ಮೊಳೆ ಹೊಡೆದ. ಎತ್ತು ಎದ್ದು ಕುಂಟಿಕೊಂಡು ಹೋಯ್ತು, ತಿರುಗಿಯೂ ನೋಡಲಿಲ್ಲ ಪುಣ್ಯಾತ್ಮ. ನಾನು ಮಾತಾಡಿಸದೆ ಎದ್ದು ಬಂದುಬಿಟ್ಟೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಗಳಗಳ ಅತ್ತುಬಿಟ್ಟೆ, ಯಾರು ನೋಡಿದರೆ ನನಗೇನು.

ಅಲ್ಲಿಂದ ಹೋದ ಗೌಡಗೆರೆಯಲ್ಲಿ ಇನ್ನೊಬ್ಬ ಲಾಳದವರು ಸಿಕ್ಕರು. ಇವರು ಸಮಾಧಾನದ ಮನುಷ್ಯ. ಎತ್ತಿನ ಗೊರಸು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿ ಕೆತ್ತೋರು. ಸಿಕ್ಕರಲ್ಲಪ್ಪಾ ಅಂತ ಎಲ್ಲ ಹೇಳಿಕೊಂಡೆ. ದೇವರೆತ್ತು ಅನ್ನೋ ಮಾತು ಬಾಯಿಂದ ಬರ್ತಿದ್ದ ಹಾಗೆ ಅವರು ಕತ್ತಿ ಕೆಳಗಿಟ್ಟು ಕೈ ಮುಗಿದರು. "ಬ್ಯಾಡ ಕಣಮ್ಮ. ನಾನೂ ಸಂಸಾರಸ್ಥ. ಆ ದೇವರ ಶಾಪ ನಂಗ್ಯಾಕೆ?" "ದಮ್ಮಯ್ಯ ಅಂತೀನಿ ಬನ್ನಿ, ಮೂಕಜೀವ" ಅಂದೆ. ಕಾಲಿಗೆ ಬೀಳೋಕೂ ಹೋದೆ. ಅವರು ಒಳಕ್ಕೆ ಹೋಗಿ ಬಾಗಿಲು ಹಾಕಿಕೊಂಡರು. ಒಳ್ಳೆ ಕೈ ಇದ್ದೂ ಏನು ಬಂತು? ನೋವಿನಲ್ಲಿರೋ ಪ್ರಾಣಿಯ ಹತ್ತಿರಕ್ಕೂ ಬರೋಲ್ಲ ಅನ್ನೋನ ಕೈ ನನಗೆ ಯಾತಕ್ಕೆ ಬೇಕು ಅಂತ ಬೈಕೊಂಡು ಬಂದೆ.

ಆ ಸಂಜೆ ಯಜಮಾನರ ಮುಂದೆ ಎಲ್ಲ ಹೇಳಿಬಿಟ್ಟೆ. ತವರಿಗಲ್ಲ, ಲಾಳದವರನ್ನ ಹುಡುಕೋಕೆ ಹೋಗಿದ್ದು ಅಂತ. ಅವರು ರೇಗಲಿಲ್ಲ. ಆ ಮನುಷ್ಯನಿಗೂ ನಿದ್ದೆ ಇರಲಿಲ್ಲ ಪಾಪ. "ನಾನು ಏನ್ ಮಾಡ್ಲಿ ಹೇಳು. ನಮ್ಮಪ್ಪ, ತಾತ ಯಾರೂ ಮಾಡದೇ ಇರೋದನ್ನ ನಾನ್ ಮಾಡ್ಲಾ? ಹೂವ ಕೇಳ್ತೀನಿ. ದೇವ್ರು ಅಪ್ಪಣೆ ಕೊಟ್ರೆ ಸರಿ" ಅಂದರು. ದೇವರ ತಲೆಯ ಮೇಲೆ ಹೂವಿಟ್ಟು ಕಾಯೋದು, ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ ಅಂತ ಅರ್ಥ. ಬೆಳಿಗ್ಗೆ ಇಬ್ಬರೂ ಗುಡಿಯಲ್ಲಿ ಕೂತೆವು. ಹೂವು ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಬಿಸಿಲು ಬಾಗಿಲೊಳಕ್ಕೆ ಬಂತು, ಹೂವು ಅಲ್ಲೇ ಬಾಡಿತು. ನನಗೆ ತಡೆಯೋಕೆ ಆಗಲಿಲ್ಲ. "ನಿನ್ನ ಎತ್ತು ಕಣಯ್ಯಾ ಅದು! ನಿನ್ನ ಹೆಸರು ಹೊತ್ತಿದ್ದಕ್ಕೇ ಕೊಳೀತಾ ಐತೆ! ಒಂದು ಮಾತು ಆಡೋಕೆ ನಿಂಗೇನಾಗೈತೆ?" ಅಂತ ದೇವರ ಮೇಲೇ ಕಿರುಚಿದೆ. ಯಜಮಾನರು ನನ್ನ ಬಾಯಿ ಮುಚ್ಚಲಿಲ್ಲ. ತಲೆ ತಗ್ಗಿಸಿಕೊಂಡು ಕೂತಿದ್ದರು.

ನಾನು ಶಿರಾಕ್ಕೆ ಹೋದೆ. ಮದುವೆ ಮೆರವಣಿಗೆ ಕುದುರೆಗಳಿಗೂ ಎತ್ತುಗಳಿಗೂ ಲಾಳ ಕಟ್ಟೋ ಸಾಬರು ಅಲ್ಲಿದ್ದರು. ಗಡ್ಡಕ್ಕೆ ಕೆಂಪಗೆ ಮೆಹಂದಿ, ಬಾಯಿತುಂಬ ತಮ್ಮ ಹೊಗಳಿಕೆ. "ಈ ನಾಲ್ಕು ತಾಲೂಕಲ್ಲಿ ನನ್ನಂಗೆ ಲಾಳ ಕಟ್ಟೋನು ಹುಟ್ಟಿಲ್ಲ ಅಮ್ಮಾ" ಅಂದರು. ಅಯ್ಯೋ ಶಿವನೇ, ಇದೊಂದು ಬಾಕಿ ಇತ್ತು ಅಂದುಕೊಂಡೆ. ಆದರೆ ನನ್ನ ಫೋನಿನಲ್ಲಿದ್ದ ವಿಡಿಯೋ ತೋರಿಸಿದ ಮೇಲೆ ಆ ಹೊಗಳಿಕೆ ನಿಂತಿತು. ತಿರುಗಾ ತಿರುಗಾ ಹಾಕಿ ನೋಡಿದರು. ಯಾವ ನೆಲದ ಮೇಲೆ ನಿಲ್ತದೆ, ಏನು ತಿಂತದೆ, ಮಲಗಿದರೆ ಯಾವ ಮಗ್ಗುಲು, ಏಳುವಾಗ ಯಾವ ಕಾಲು ಮೊದಲು, ಎಲ್ಲ ಕೇಳಿದರು. ಆಮೇಲೆ ನನ್ನ ಮೇಲೇ ತಿರುಗಿಬಿದ್ದರು. "ತೌಬಾ ತೌಬಾ! ಇಷ್ಟುದ್ದ ಬೆಳೆಯೋ ತನಕ ಊರಿಗೆ ಊರೇ ಕಣ್ಣು ಮುಚ್ಚಿಕೊಂಡಿತ್ತಾ? ಮೂರು ತಿಂಗಳಿಗೊಮ್ಮೆ ನೋಡೋ ಕೆಲಸ ಇದು!" ಬೈಸಿಕೊಂಡದ್ದು ನನಗೆ ಹಿತವಾಗಿತ್ತು. ನಮ್ಮಪ್ಪ ದಾರಿಯಲ್ಲಿ ದಾಟಿಹೋಗದೆ ನಿಲ್ಲಿಸ್ತಿದ್ದರು ಇಂಥವರ ಹತ್ತಿರ.

ದೇವರೆತ್ತು ಅಂದೆ, ಕಬ್ಬಿಣದ ವಿಷಯ ಹೇಳಿದೆ. "ನಮ್ಮ ಯಜಮಾನರು ಗುಡಿಯಲ್ಲಿರೋ ಹೊತ್ತಿಗೆ ಬಂದು ಮಾಡಿ ಹೋಗಿಬಿಡಿ ಸಾಬ್ರೆ, ಯಾರಿಗೂ ಗೊತ್ತಾಗಲ್ಲ" ಅಂದೆ. ಅವರು ತಲೆ ಅಲ್ಲಾಡಿಸಿದರು. "ಕದ್ದು ಮಾಡೋ ಕೆಲಸ ಅಲ್ಲಮ್ಮ. ಸಾಕಿದೋನು ಕಾಲು ಹಿಡಿದು ಕೂರಬೇಕು, ಆಗಲೇ ನಾನು ಕತ್ತಿ ಎತ್ತೋದು. ನಾಳೆ ಡ್ರೆಸ್ಸಿಂಗ್ ಯಾರು ಮಾಡ್ತಾರೆ? ದಿನಾ ಯಾರು ನಡೆಸ್ತಾರೆ? ನಾನು ಕುಯ್ದು ಹೋದಮೇಲೆ ಅದರ ಜಾನ್ ಅವರ ಕೈಯಲ್ಲಿ ಇರ್ತದೆ." ಬದುಕಿಕೊಳ್ತದಾ ಅಂದೆ. "ಆ ಮಾತು ಕೊಡಲ್ಲ" ಅಂದರು. ಬರ್ತೀನಿ ಅಂತ ಮಾತ್ರ ಅಂದರು.

ಮನೆಗೆ ಬಂದು ಇದನ್ನು ಹೇಳಿದಾಗ ಯಜಮಾನರು "ಕಬ್ಬಿಣ ತಾನೇ ಬ್ಯಾಡ ಅಂದಿರೋದು? ಕಲ್ಲಲ್ಲಿ ಉಜ್ಜಿ ಸವೆಸ್ಲಿ. ಗುಡ್ಡದಲ್ಲಿ ಸವೀತಿದ್ದದ್ದೂ ಕಲ್ಲಲ್ಲೇ ಅಲ್ವಾ" ಅಂದರು. ಅಷ್ಟಕ್ಕಾದರೂ ಇಳಿದರಲ್ಲ ಅಂತ ಸಾಬರಿಗೆ ಫೋನ್ ಮಾಡಿದೆ. "ಉಜ್ಜಿ ನೋಡೋಣ. ಆಗದಿದ್ರೆ ಆಗಲ್ಲ ಅಂತ ಮುಖಕ್ಕೇ ಹೇಳ್ತೀನಿ" ಅಂದರು.

ಅವರು ಬಂದಾಗ ಎತ್ತು ನಿಲ್ಲೋದನ್ನೇ ಬಿಟ್ಟಿತ್ತು. ಊರವರು ಹಿತ್ತಲ ಗೋಡೆಯ ಮೇಲೆಲ್ಲ ಹತ್ತಿ ಕೂತಿದ್ದರು. ಸಾಬರು ಬಂದದ್ದಕ್ಕೆ ಯಾರೂ ಚಕಾರ ಎತ್ತಲಿಲ್ಲ. ಎಲ್ಲರ ಕಣ್ಣೂ ಅವರ ಚೀಲದ ಮೇಲೆ, ಅದರೊಳಗಿನ ಕಬ್ಬಿಣದ ಮೇಲೆ. ಅವರು ಚೀಲವನ್ನು ದೂರ ಇಟ್ಟು, ಒರಟು ಸಾಣೆಕಲ್ಲೊಂದನ್ನೇ ಹಿಡಿದು ಬಂದರು. ಕೆಡವೋ ಗೋಜೇ ಇರಲಿಲ್ಲ, ಮಲಗಿದ್ದ ಹಾಗೇ ಯಜಮಾನರು ಆ ಕಾಲನ್ನು ಮೆಲ್ಲಗೆ ಈಚೆಗೆಳೆದು ತೊಡೆಯ ಮೇಲಿಟ್ಟುಕೊಂಡರು. ನಾನು ಕುತ್ತಿಗೆ ಸವರುತ್ತಾ ಕೂತೆ. ಸಾಬರು ಉಜ್ಜಿದರು, ಉಜ್ಜಿದರು. ತೋಳು ಸೋತಾಗ ಟೀ ಕೇಳಿ ಕುಡಿದು ಮತ್ತೆ ಉಜ್ಜಿದರು. ಗೋಡೆಯ ಮೇಲಿದ್ದವರು ಬೇಜಾರಾಗಿ ಒಬ್ಬೊಬ್ಬರೇ ಇಳಿದು ಹೋದರು. ಸುತ್ತಿಕೊಂಡ ತುದಿ ಒಂದಿಷ್ಟು ಸವೆದು ಚಿಕ್ಕದಾಯ್ತು. ಆಮೇಲೆ ಅವರು ಅಂಗಾಲಿನ ಒಂದು ಕಡೆ ಹೆಬ್ಬೆರಳು ಒತ್ತಿದರು. ಎತ್ತು ಎಂಥಾ ಸದ್ದು ಮಾಡಿತು ಅಂದರೆ, ಅದನ್ನ ನಾನು ಬರೆದು ಹೇಳೋಕೆ ಆಗಲ್ಲ.

ಸಾಬರು ಕಲ್ಲು ಕೆಳಗಿಟ್ಟರು. "ಕಲ್ಲಿನಿಂದ ಆಗೋದು ಇಷ್ಟೇ ಸ್ವಾಮಿ. ಕೀವು ಇಲ್ಲಿದೆ, ಈ ಹೋಳಿನ ಕೆಳಗೆ. ಕತ್ತಿ ಬೇಕು. ಬೇಡ ಅಂದ್ರೆ ಈಗ್ಲೇ ಎದ್ದು ಹೋಗ್ತೀನಿ, ನಿಮ್ಮ ಮೇಲೆ ಬೇಸರ ಇಲ್ಲ" ಅಂದರು. ನಮ್ಮತ್ತೆ ಬಾಗಿಲಲ್ಲಿ ನಿಂತಿದ್ದರು. ಈ ಸಲ ಅಡ್ಡ ಬರಲಿಲ್ಲ. ನಾನು ಯಜಮಾನರ ಮುಖ ನೋಡಿದೆ. "ರೀ, ನಿಮ್ಗೆ ಕೈ ಮುಗೀತೀನಿ. ಅದು ನಿಮ್ಮ ಮುಖಾನೇ ನೋಡ್ತಾ ಐತೆ" ಅಂದೆ.

ಯಜಮಾನರು ಕಾಲನ್ನು ನನ್ನ ತೊಡೆಗೆ ಸರಿಸಿ ಎದ್ದರು. ಹೊರಟೇಬಿಟ್ಟರು ಅಂದುಕೊಂಡೆ. ಅವರು ಹೋಗಿದ್ದು ಚೀಲದ ಹತ್ತಿರ. ಗೊರಸು ಕೆತ್ತೋ ಕತ್ತಿಯನ್ನು ಹುಡುಕಿ ತೆಗೆದು, ತೊಟ್ಟಿಯ ನೀರಲ್ಲಿ ತೊಳೆದು, ಅರಿಶಿನ ಕುಂಕುಮ ಇಟ್ಟರು. ಎತ್ತಿನ ಮುಂದೆ ಮಂಡಿಯೂರಿ, "ಅಪ್ಪಯ್ಯಾ, ಏನಿದ್ರೂ ನಂಗೇ ಬರ್ಲಿ. ನನ್ನ ಹೆಂಡ್ತಿ, ಈ ಸಾಬ್ರು, ಇವರ ತಂಟೆಗೆ ಬರಬ್ಯಾಡ" ಅಂದರು. ಕತ್ತಿಯನ್ನು ಸಾಬರ ಕೈಗೆ ಕೊಟ್ಟು, ಕಾಲನ್ನು ಮತ್ತೆ ತಮ್ಮ ತೊಡೆಗೆ ತಗೊಂಡರು. ಈ ಮನುಷ್ಯನ ಜೊತೆ ಸಂಸಾರ ಮಾಡಿದ್ದಕ್ಕೆ ಅವತ್ತು ನನಗೆ ಎಷ್ಟು ಹೆಮ್ಮೆ ಆಯ್ತೋ ಅಷ್ಟೇ ಸಂಕಟವೂ ಆಯ್ತು.

ಸಾಬರು ತೆಳ್ಳಗೆ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಕೆತ್ತುತ್ತಾ ಹೋದರು. ಪ್ರತಿ ಸಲ ಬೆರಳಿಟ್ಟು ನೋಡೋರು. ಅಂಗಾಲಲ್ಲಿ ಕಪ್ಪು ಚುಕ್ಕಿಯೊಂದು ಕಾಣಿಸಿತು, ಅಲ್ಲಿ ಕತ್ತಿಯ ತುದಿ ಆಡಿಸಿದರು. ಕೀವು ಚಿಮ್ಮಿ ಯಜಮಾನರ ಪಂಚೆಯ ಮೇಲೆಲ್ಲ ಬಿತ್ತು. ನಾರೋ ನಾತ! ಎತ್ತು ದೊಡ್ಡದಾಗಿ ಉಸಿರು ಬಿಟ್ಟು ತಲೆಯನ್ನು ನನ್ನ ಮಡಿಲಿಗೆ ಹಾಕಿತು. ಇನ್ನೂ ಕೆತ್ತಿ ಪೂರಾ ಸರಿಮಾಡಿ ಸಾಬ್ರೆ ಅಂದೆ. "ಇವತ್ತಿಗೆ ಇಷ್ಟೇ. ಆಸೆಗೆ ಬಿದ್ದು ಕೆತ್ತಿದರೆ ರಕ್ತ ಬರ್ತದೆ. ಮತ್ತೆ ಬರ್ತೀನಿ" ಅಂದರು. ಪೊಟ್ಯಾಷ್ ನೀರಲ್ಲಿ ತೊಳೆಯೋದು, ಬೇವಿನೆಣ್ಣೆ ಬಟ್ಟೆ ಇಟ್ಟು ಗೋಣಿತಟ್ಟು ಕಟ್ಟೋದು, ಎಲ್ಲವನ್ನೂ ಯಜಮಾನರ ಕೈಯಲ್ಲೇ ಮಾಡಿಸಿ ನೋಡಿ ಹೋದರು. ಡಾಕ್ಟರು ಬಂದು ನೋಡಿ ಔಷಧಿ ಮುಂದುವರಿಸಿದರು.

ಅಷ್ಟಾದರೂ ಎತ್ತು ಕಾಲು ಊರಲಿಲ್ಲ. ಎದ್ದು ನಿಲ್ತಿತ್ತು, ಆದರೆ ಮೂರೇ ಕಾಲಲ್ಲಿ. ಸಾಬರು ಕರೆಯದೇ ಬಂದರು, ಇನ್ನಷ್ಟು ಕೆತ್ತಿದರು, ಎರಡು ಹೋಳಿಗೂ ಭಾರ ಸಮ ಬೀಳೋ ಹಾಗೆ ಅರ ಹಾಕಿ ಉಜ್ಜಿದರು. ಊರಲಿಲ್ಲ. ಮರಳು ಎತ್ತಿಸಿ ಗಟ್ಟಿ ನೆಲ ಮಾಡಿದೆವು. ಊಹೂಂ. ಮೂಳೆಗೆ ಇಳಿದೇಬಿಟ್ಟಿತೇನೋ ಅಂತ ನಾನು ಮೂಲೆಯಲ್ಲಿ ಕೂತು ಅಳೋದು, ಯಜಮಾನರು ಕಟ್ಟು ಬಿಚ್ಚಿ ಕಟ್ಟೋದು. ಎತ್ತಿಗೆ ಅಂತ ಅಕ್ಕಿಬೆಲ್ಲ ತರೋರು ನಿಂತುಹೋದರು. ಗುಡಿಗೂ ಜನ ಕಮ್ಮಿಯಾದರು. ಕತ್ತಿ ಮುಟ್ಟಿಸಿದರಂತೆ ಅನ್ನೋ ಸುದ್ದಿ ಪಾವಗಡ ಪೇಟೆಯ ತನಕ ಹೋಗಿತ್ತು.

ಒಂದು ಬೆಳಿಗ್ಗೆ ಊರ ಹಿರಿಯರು ಬಂದರು. ಯಾಕೆ ಅಂತ ಗೊತ್ತೇ ಇತ್ತು. ಎಲ್ಲರಿಗಿಂತ ದೊಡ್ಡವರು ಮಾತು ಶುರು ಮಾಡೋಕೆ ಮುಂಚೆ, ಇಷ್ಟು ವರ್ಷದ ರೂಢಿ ನೋಡಿ, ಎತ್ತಿನ ಪಾದ ಮುಟ್ಟೋಕೆ ಅಂತ ಬಗ್ಗಿದರು. ಬಗ್ಗಿದವರಿಗೆ ಅರ್ಧದಲ್ಲಿ ನೆನಪಾಗಿರಬೇಕು, ಕೈ ಅಲ್ಲೇ ನಿಂತಿತು. ಎತ್ತಿಗೆ ಅದೆಲ್ಲ ಏನು ಗೊತ್ತು? ಯಾರಾದರೂ ಬಗ್ಗಿದರೆ ಬಲಗಾಲು ಮುಂದಿಡೋದು ಅದರ ಅಭ್ಯಾಸ. ಗೋಣಿತಟ್ಟು ಸುತ್ತಿದ್ದ ಕಾಲನ್ನು ಮುಂದಕ್ಕೆ ತಂದು ನೆಲಕ್ಕಿಟ್ಟಿತು. ಇಟ್ಟು, ಮೈಭಾರ ಬಿಟ್ಟು, ಊರಿ ನಿಂತುಕೊಂಡಿತು. ಆ ಹಿರಿಯರು ಕೈ ಹಿಂದಕ್ಕೆ ತಗೊಂಡು ನೆಟ್ಟಗಾದರು.

"ಇನ್ಮ್ಯಾಕೆ ಇದು ದೇವರೆತ್ತಲ್ಲ. ಹೊಸ ಕರ ನೋಡ್ತೀವಿ. ಪೂಜೇನೂ ನಿಮ್ಮ ಮನೇದಲ್ಲ, ಕೀಲಿಕೈ ಕೊಟ್ಬುಡಪ್ಪ" ಅಂತ ಅವರು ಹೇಳ್ತಾ ಇದ್ದರು. ನನಗೆ ಎಲ್ಲ ಕೇಳಿಸ್ತಿತ್ತು. ಯಜಮಾನರು ಸೊಂಟದಿಂದ ಕೀಲಿಕೈ ಬಿಚ್ಚಿ ಅವರ ಕೈಗೆ ಇಟ್ಟರು, ಆದರೆ ಯಾರ ಮುಖವನ್ನೂ ನೋಡಲಿಲ್ಲ. ನೋಡ್ತಿದ್ದದ್ದು ಆ ಕಾಲನ್ನ. "ಲೇ, ಊರೈತೆ ಕಣೇ" ಅಂದರು ನನಗೆ. "ನೋಡೇ ಸರಿಯಾಗಿ, ಪೂರ್ತಿ ಊರೈತೆ."